'ರಿಸರ್ವ್ಡ್', 'ರೆಟಿಸೆಂಟ್', 'ಅಲೂಫ್', 'ಸ್ಟೋಯಿಕ್': ಎಲ್ಲಕ್ಕೂ 'ಗಂಭೀರ' ಒಂದೇ ಸಾಕೇ?

ಪ್ರಶ್ನೆ — ಅಭ್ಯಾಸಿ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ಒಂದು ನೀಳ್ಗತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ನಾಯಕ ವಯಸ್ಸಾದ ಒಬ್ಬ ಗಡಿಯಾರ ರಿಪೇರಿಗಾರ. ಅವನದು ಹೆಚ್ಚು ಮಾತಿಲ್ಲದ ಸ್ವಭಾವ. ಸಂತೋಷವಾಗಲಿ ದುಃಖವಾಗಲಿ ಅವನಿಂದ ಹೊರಗೆ ಬರುವುದು ಅಪರೂಪ. ಆದರೆ ಕತೆಗಾರ ಅವನನ್ನು ಎಲ್ಲ ಕಡೆಯೂ ಒಂದೇ ಪದದಿಂದ ಬಣ್ಣಿಸುವುದಿಲ್ಲ. ನೆರೆಹೊರೆಯವರ ಮಾತಿನಲ್ಲಿ ಅವನು 'ರಿಸರ್ವ್ಡ್'. ಮೊದಲ ಮದುವೆಯ ವಿಷಯ ಬಂದಾಗ ಅವನು 'ರೆಟಿಸೆಂಟ್'. ಅವನ ಜೊತೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನೊಬ್ಬ ಅವನನ್ನು 'ಅಲೂಫ್' ಎನ್ನುತ್ತಾನೆ. ಕಾಯಿಲೆ ಬಿದ್ದಾಗ ವೈದ್ಯೆಯ ಕಣ್ಣಿಗೆ ಅವನು 'ಸ್ಟೋಯಿಕ್'. ಕೊನೆಗೆ ಮಗಳ ಶವಸಂಸ್ಕಾರದ ದೃಶ್ಯದಲ್ಲಿ ಅವನ ಮುಖ 'ಇಂಪ್ಯಾಸಿವ್'.

ಮೊದಲ ಕರಡಿನಲ್ಲಿ ನಾನು ಇವುಗಳಲ್ಲಿ ಹೆಚ್ಚಿನವಕ್ಕೆ 'ಗಂಭೀರ' ಎಂದೇ ಬರೆದುಬಿಟ್ಟಿದ್ದೆ. ಕರಡನ್ನು ಓದಿದ ಸ್ನೇಹಿತೆಯೊಬ್ಬಳು ಇಪ್ಪತ್ತು ಪುಟಗಳಲ್ಲಿ ಒಂಬತ್ತು ಕಡೆ ಆ ಪದಕ್ಕೆ ಸುತ್ತು ಹಾಕಿ, ಕೊನೆಯ ಸುತ್ತಿನ ಪಕ್ಕದಲ್ಲಿ "ರೋಗಿಯ ಸ್ಥಿತಿ ಗಂಭೀರ, ಬೇಗ ಆಸ್ಪತ್ರೆಗೆ ಸೇರಿಸಿ" ಎಂದು ಬರೆದು ಹಿಂತಿರುಗಿಸಿದಳು. ನಿಘಂಟಿನ ಮೊರೆ ಹೋದೆ. ಅಲ್ಲಿ ಮಿತಭಾಷಿ, ಸಂಕೋಚ ಸ್ವಭಾವದ, ನಿರ್ಲಿಪ್ತ, ಉದಾಸೀನ, ನಿರ್ವಿಕಾರ ಎಂಬ ಐದಾರು ಪದಗಳೇ ಬೇರೆ ಬೇರೆ ನಮೂದುಗಳಲ್ಲಿ ಜಾಗ ಬದಲಿಸಿಕೊಂಡು ಕಾಣಿಸುತ್ತವೆ. ಯಾವುದನ್ನು ಎಲ್ಲಿ ಬಳಸಬೇಕೆಂಬುದು ಮಾತ್ರ ತಿಳಿಯಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಈ ಇಂಗ್ಲಿಷ್ ಪದಗಳು ಒಂದೇ ಗುಣದ ಹೆಚ್ಚು ಕಡಿಮೆ ಪ್ರಮಾಣವನ್ನು ಹೇಳುತ್ತವೆಯೇ, ಅಂದರೆ 'ರಿಸರ್ವ್ಡ್' ಸ್ವಲ್ಪ, 'ಇಂಪ್ಯಾಸಿವ್' ಬಹಳ ಎಂಬಂತೆ? ಅಥವಾ ಒಂದೊಂದೂ ಬೇರೆಯೇ ಸಂಗತಿಯನ್ನು ಹೇಳುತ್ತದೆಯೇ? ಬೇರೆ ಎಂದಾದರೆ ಆ ವ್ಯತ್ಯಾಸವನ್ನು ಗುರುತಿಸುವುದು ಹೇಗೆ?

ಉತ್ತರ 1 — ಪದಪರೀಕ್ಷಕ

ಇವು ಒಂದೇ ಅಳತೆಗೋಲಿನ ಮೇಲಿನ ಗೆರೆಗಳಲ್ಲ. ಹಾಗೆ ಭಾವಿಸಿಕೊಂಡರೆ 'ಬಹಳ ಗಂಭೀರ', 'ಅತಿ ಗಂಭೀರ' ಎನ್ನುವುದರಲ್ಲೇ ಅನುವಾದ ಮುಗಿದುಹೋಗುತ್ತದೆ. ಒಂದೊಂದು ಪದವನ್ನೂ ಎದುರಿಗಿಟ್ಟುಕೊಂಡು ಕೇಳಬೇಕಾದದ್ದು, ಈ ಮನುಷ್ಯನಿಂದ ಹೊರಗೆ ಬರದಿರುವುದು ಯಾವುದು ಎಂದು. ಮಾತು ಬರುತ್ತಿಲ್ಲವೇ, ಮುಖದಲ್ಲಿ ಭಾವ ಬರುತ್ತಿಲ್ಲವೇ, ಅವನೇ ಜನರ ಹತ್ತಿರ ಬರುತ್ತಿಲ್ಲವೇ, ಅಥವಾ ಒಳಗೆ ಭಾವವೇ ಹುಟ್ಟುತ್ತಿಲ್ಲವೇ?

ಇದನ್ನು ಪತ್ತೆಹಚ್ಚಲು ನಾನು ಬಳಸುವ ಸುಲಭದ ಉಪಾಯವೆಂದರೆ ಪದವನ್ನು ವಾಕ್ಯದಿಂದ ತೆಗೆದು ಅದರ ಜಾಗದಲ್ಲಿ ನೆಂಟ ಪದವನ್ನು ಕೂರಿಸಿ ನೋಡುವುದು. 'ಮೊದಲ ಮದುವೆಯ ಬಗ್ಗೆ ಅವನು ರೆಟಿಸೆಂಟ್' ಎನ್ನಬಹುದು. ಅಲ್ಲಿ 'ಟ್ಯಾಸಿಟರ್ನ್' ಹಾಕಿದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಸರಿಬರುವುದಿಲ್ಲ. ಏಕೆಂದರೆ 'ರೆಟಿಸೆಂಟ್' ಒಂದು ವಿಷಯಕ್ಕೆ ಅಂಟಿಕೊಳ್ಳಬಲ್ಲ ಪದ, 'ಟ್ಯಾಸಿಟರ್ನ್' ಇಡೀ ಮನುಷ್ಯನಿಗೆ ಅಂಟುವ ಪದ. ಊರೆಲ್ಲ ಕೇಳುವಂತೆ ಮಾತನಾಡುವ ವಾಚಾಳಿಯೂ ತನ್ನ ಸಂಬಳದ ವಿಷಯದಲ್ಲಿ ರೆಟಿಸೆಂಟ್ ಆಗಿರಬಹುದು. ಅವನನ್ನು ಯಾರೂ ಟ್ಯಾಸಿಟರ್ನ್ ಎನ್ನುವುದಿಲ್ಲ. ಟ್ಯಾಸಿಟರ್ನ್ ಎನಿಸಿಕೊಂಡವನು ಹವಾಮಾನದ ಬಗ್ಗೆ ಕೇಳಿದರೂ ಒಂದೇ ಪದದಲ್ಲಿ ಮುಗಿಸುತ್ತಾನೆ, ಮತ್ತು ಆ ಪದದಲ್ಲಿ ತುಸು ಒರಟುತನವೂ ಇರುತ್ತದೆ. 'ಲಕಾನಿಕ್' ಕೂಡ ಕಡಿಮೆ ಮಾತಿನದೇ. ಆದರೆ ಅಲ್ಲಿ ಆಡಿದ ಕಡಿಮೆ ಮಾತು ನೆಟ್ಟಗೆ ನಾಟುತ್ತದೆ, ಆದ್ದರಿಂದ ಅದರಲ್ಲಿ ಮೆಚ್ಚುಗೆ ಇದೆ. 'ಗಾರ್ಡೆಡ್' ಎಂದರೆ ಅಳೆದು ತೂಗಿ ಆಡಿದ ಮಾತು: ಹೇಳಿಬಿಟ್ಟರೆ ಕಳೆದುಕೊಳ್ಳುವುದು ಏನೋ ಇದೆ ಎಂಬ ಸೂಚನೆ ಅದರ ಹಿಂದಿರುತ್ತದೆ. ಅದು ಸ್ವಭಾವವಾಗಿರಬೇಕಿಲ್ಲ, ಒಂದು ಉತ್ತರವಷ್ಟೇ ಗಾರ್ಡೆಡ್ ಆಗಿರಬಹುದು.

'ರಿಸರ್ವ್ಡ್' ಇವೆಲ್ಲಕ್ಕಿಂತ ಅಗಲವಾದ ಪದ. ಅದು ಮಾತನ್ನೂ ಒಳಗೊಳ್ಳುತ್ತದೆ, ಸಲಿಗೆಯನ್ನೂ ಒಳಗೊಳ್ಳುತ್ತದೆ. ಕಾದಿರಿಸಿದ ಆಸನಕ್ಕೂ ಇದೇ ಪದ ಎಂಬುದನ್ನು ಮರೆಯಬೇಡಿ: ಒಳಗೆ ಏನೋ ಇದೆ, ಅದನ್ನು ಎಲ್ಲರಿಗೂ ಕೊಡದೆ ಎತ್ತಿಡಲಾಗಿದೆ. ಒಡನಾಟ ಬೆಳೆದರೆ ಅದು ಸಿಗಬಹುದೆಂಬ ಆಸೆಯನ್ನು ಆ ಪದ ಉಳಿಸುತ್ತದೆ, 'ಟ್ಯಾಸಿಟರ್ನ್' ಅಂಥ ಆಸೆಯನ್ನು ಕೊಡುವುದಿಲ್ಲ.

'ಅಲೂಫ್' ಎಂಬುದಕ್ಕೂ ಮಾತಿಗೂ ಸಂಬಂಧವೇ ಇಲ್ಲ. ಗಂಟೆಗಟ್ಟಲೆ ಭಾಷಣ ಮಾಡುವವನೂ ಅಲೂಫ್ ಆಗಿರಬಹುದು. ಅದು ದೂರವನ್ನು ಅಳೆಯುವ ಪದ; ಇಂಗ್ಲಿಷಿನಲ್ಲಿ ಅದರ ಜೊತೆ ಬರುವುದು 'ಬಗ್ಗೆ' ಅಲ್ಲ, 'ಇಂದ'. ಜನರಿಂದ, ಜಗಳದಿಂದ, ಗುಂಪಿನಿಂದ ದೂರ. 'ಡಿಟ್ಯಾಚ್ಡ್' ಕೂಡ 'ಇಂದ'ವನ್ನೇ ಬೇಡುತ್ತದೆ, ಆದರೆ ಅಲ್ಲಿ ದೂರವಿರುವುದು ಮನಸ್ಸು. ಜಂಬದ ವಾಸನೆ ಇಲ್ಲ. 'ಅಲೂಫ್'ನಲ್ಲಿ ಆ ವಾಸನೆ ಸ್ವಲ್ಪ ಬರುತ್ತದೆ, 'ಸ್ಟ್ಯಾಂಡಾಫಿಶ್'ನಲ್ಲಿ ಚೆನ್ನಾಗಿಯೇ ಬರುತ್ತದೆ.

'ಇಂಪ್ಯಾಸಿವ್' ಮುಖದ ಪದ. ಇಂಪ್ಯಾಸಿವ್ ಮುಖ ಉಂಟು, ರೆಟಿಸೆಂಟ್ ಮುಖ ಇಲ್ಲ. ಒಳಗೆ ಏನಿದೆ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. 'ಇನ್‌ಸ್ಕ್ರೂಟಬಲ್' ಎಂದಾಗ ಅದೇ ಮುಖದ ಎದುರಿಗೆ ಓದಲು ಪ್ರಯತ್ನಿಸಿ ಸೋತ ಇನ್ನೊಬ್ಬನೂ ನಿಂತಿರುತ್ತಾನೆ.

'ಸ್ಟೋಯಿಕ್' ಪದವನ್ನು ಬಳಸಬೇಕಾದರೆ ನೋವು ಇರಲೇಬೇಕು. ಲಾಟರಿ ಹೊಡೆದ ಸುದ್ದಿಯನ್ನು ಮುಖ ಅರಳಿಸದೆ ಕೇಳಿದವನನ್ನು ಸ್ಟೋಯಿಕ್ ಎಂದರೆ ಅದು ತಮಾಷೆಯಾಗುತ್ತದೆ. 'ಫ್ಲೆಗ್ಮ್ಯಾಟಿಕ್' ಹಾಗಲ್ಲ: ನೋವಿರಲಿ ನಲಿವಿರಲಿ, ಸುಲಭಕ್ಕೆ ಅಲುಗದ ಜಾಯಮಾನವನ್ನು ಅದು ಹೇಳುತ್ತದೆ. ಅದಕ್ಕೆ ಬುದ್ಧಿ ಮಂದ ಎಂಬ ಸೂಚನೆಯನ್ನೂ ಬೆರೆಸಿದರೆ 'ಸ್ಟಾಲಿಡ್'. 'ಇಂಡಿಫರೆಂಟ್' ಮತ್ತು 'ಅಪ್ಯಾಥೆಟಿಕ್' ಪದಗಳನ್ನು ಈ ಕುಟುಂಬಕ್ಕೆ ಸೇರಿಸುವುದೇ ತಪ್ಪೆಂದು ನನ್ನ ಅಭಿಪ್ರಾಯ. ಅವುಗಳಲ್ಲಿ ತಡೆಹಿಡಿಯಲು ಒಳಗೆ ಏನೂ ಇಲ್ಲ.

ಒಂದು ಚಿತ್ರವನ್ನು ಇಟ್ಟುಕೊಂಡು ನೋಡೋಣ. ನಿಮ್ಮ ಗಡಿಯಾರದವನು ಒಂದು ಕಾಗದವನ್ನು ಓದುತ್ತಾನೆ, ಮೊದಲಿದ್ದ ಮಡಿಕೆಯ ಮೇಲೆಯೇ ಅದನ್ನು ಮಡಚಿ ದೀಪದ ಬುಡದಲ್ಲಿಡುತ್ತಾನೆ, ಮತ್ತೆ ಭೂತಗನ್ನಡಿಯನ್ನು ಕಣ್ಣಿಗೆ ಏರಿಸಿಕೊಂಡು ಬಿಚ್ಚಿಟ್ಟಿದ್ದ ಗಡಿಯಾರದ ಮೇಲೆ ಬಗ್ಗುತ್ತಾನೆ. ಈ ಮಡಚುವ ಕೆಲಸಕ್ಕೆ 'ಸ್ಟೋಯಿಕ್' ಆಗಿ ಎಂಬ ವಿಶೇಷಣ ಸೇರಿಸಿದರೆ ಕಾಗದದಲ್ಲಿ ಕೆಟ್ಟ ಸುದ್ದಿಯಿತ್ತೆಂದು ಓದುಗನಿಗೆ ಗೊತ್ತಾಗುತ್ತದೆ. 'ಇಂಡಿಫರೆಂಟ್' ಆಗಿ ಎಂದರೆ ಅದರಲ್ಲಿ ಏನೂ ಇರಲಿಲ್ಲ, ಅಥವಾ ಇದ್ದದ್ದು ಅವನಿಗೆ ಬೇಕಿರಲಿಲ್ಲ. 'ಇಂಪ್ಯಾಸಿವ್' ಆಗಿ ಎಂದರೆ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಓದುಗ ಮುಂದಿನ ಪುಟ ತಿರುಗಿಸುತ್ತಾನೆ. ಕೈಯ ಚಲನೆ ಮೂರರಲ್ಲೂ ಒಂದೇ. ಕಾಗದದ ಒಳಗಿನ ಸುದ್ದಿಯನ್ನು ಬದಲಿಸಿದ್ದು ಆ ಒಂದು ಪದ.

ಉತ್ತರ 2 — ಬೇರುಬಿಳಲು

ಪದಪರೀಕ್ಷಕರು ಬಳಕೆಯನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಈ ಪದಗಳು ಬಂದ ದಾರಿಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಕನ್ನಡದಲ್ಲಿ ಸಮಾನ ಪದ ಹುಡುಕುವಾಗ ಆ ದಾರಿ ಕೆಲವೊಮ್ಮೆ ಸಹಾಯ ಮಾಡುತ್ತದೆ, ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ.

'ರೆಟಿಸೆಂಟ್' ಮತ್ತು 'ಟ್ಯಾಸಿಟರ್ನ್' ಎರಡೂ ಲ್ಯಾಟಿನ್ನಿನ ಒಂದೇ ಧಾತುವಿನಿಂದ ಹುಟ್ಟಿದವು. ಸುಮ್ಮನಿರುವುದು ಎಂದು ಅದರ ಅರ್ಥ. ಇವುಗಳಲ್ಲಿ 'ರೆಟಿಸೆಂಟ್' ಇಂಗ್ಲಿಷಿಗೆ ತಡವಾಗಿ ಬಂದ ಪದ, ಅದರ ಬಳಕೆ 1830ರ ದಶಕದಿಂದ ಕಾಣಿಸುತ್ತದೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಅದಕ್ಕೆ 'ಹಿಂಜರಿಯುವ' ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡಿತು. ಭಾಷಾಶುದ್ಧಿಯವರು ಇಂದಿಗೂ ಅದಕ್ಕೆ ಮೂಗು ಮುರಿಯುತ್ತಾರಾದರೂ ಇತ್ತೀಚಿನ ಬರಹಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಆದ್ದರಿಂದ ನಿಮ್ಮ ಕತೆಯಲ್ಲಿ ಆ ಪದದ ಮುಂದೆ 'ಮಾತನಾಡಲು', 'ಸಹಿ ಹಾಕಲು' ಎಂಬಂಥ ಕ್ರಿಯೆ ಬಂದಿದ್ದರೆ ಅದು ಮೌನವಲ್ಲ, ಹಿಂಜರಿಕೆ ಎಂದು ತಿಳಿಯಿರಿ.

'ಅಲೂಫ್' ನಾವಿಕರ ಪದ. ಗಾಳಿ ದಡದ ಕಡೆಗೆ ಬೀಸುತ್ತಿರುವಾಗ ಹಡಗು ದಡಕ್ಕೆ ಬಡಿಯದಂತೆ ಅದರ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ದೂರ ಉಳಿಸಿಕೊಳ್ಳುವ ಆಜ್ಞೆ ಅದರ ಮೂಲದಲ್ಲಿದೆ. ಈಗ ನಮ್ಮ 'ತಟಸ್ಥ'ವನ್ನು ನೋಡಿ, ತಟದಲ್ಲಿ ನಿಂತವನು ಎಂದು ಅದರ ಅರ್ಥ. ಇಂಗ್ಲಿಷಿನವನು ದಡದಿಂದ ದೂರ ಸರಿದು ಅಲೂಫ್ ಆದರೆ ನಮ್ಮವನು ದಡದಲ್ಲೇ ಉಳಿದು ತಟಸ್ಥನಾದ! ಇಬ್ಬರೂ ದೂರವಿದ್ದಾರೆಂಬುದು ನಿಜ, ಆದರೆ ಒಬ್ಬನನ್ನು ಇನ್ನೊಬ್ಬನ ಜಾಗದಲ್ಲಿ ನಿಲ್ಲಿಸಲಾಗದು. ತಟಸ್ಥ ಎಂದರೆ ಪಕ್ಷ ವಹಿಸದವನು. ಅಲೂಫ್ ಎಂದರೆ ಹತ್ತಿರ ಬರದವನು.

'ಸ್ಟೋಯಿಕ್' ಪದದ ಕತೆ ಹೆಚ್ಚಿನವರಿಗೆ ಗೊತ್ತಿರುತ್ತದೆ. ಕ್ರಿ.ಪೂ. 300ರ ಸುಮಾರಿಗೆ ಸಿಟಿಯಮ್ಮಿನ ಜೀನೋ ಎಂಬ ದಾರ್ಶನಿಕ ಅಥೆನ್ಸಿನಲ್ಲಿ ಚಿತ್ರಗಳಿಂದ ಅಲಂಕರಿಸಿದ ಒಂದು ಕಂಬಸಾಲಿನ ಮೊಗಸಾಲೆಯಲ್ಲಿ ಪಾಠ ಹೇಳುತ್ತಿದ್ದ. ಆ ಮೊಗಸಾಲೆಯ ಗ್ರೀಕ್ ಹೆಸರು 'ಸ್ಟೋಆ', ಅವನ ಪಂಥದವರಿಗೆ ಸ್ಟೋಯಿಕ್ ಎಂಬ ಹೆಸರು ಬಂದದ್ದು ಅದರಿಂದ. ಆದರೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಿಂದ ಬರೆಯುವ ಇಂದಿನ 'ಸ್ಟೋಯಿಕ್'ಗೂ ಆ ದಾರ್ಶನಿಕರಿಗೂ ಸಾಕಷ್ಟು ಅಂತರವಿದೆ. ಹಲ್ಲು ಕಚ್ಚಿ ನೋವು ತಡೆಯುವುದು ಅವರ ಗುರಿಯಾಗಿರಲಿಲ್ಲ. ತಪ್ಪು ತಿಳಿವಳಿಕೆಯಿಂದ ಹುಟ್ಟುವ ಭಾವಾವೇಶಗಳಿಗೆ ಸಿಲುಕದ ಮನಸ್ಸನ್ನು ಅವರು ಬಯಸಿದ್ದರು. ಗೆಳೆಯನನ್ನು ಕಳೆದುಕೊಂಡವನಿಗೆ ಬರೆದ ಕಾಗದದಲ್ಲಿ ಅದೇ ಪಂಥದ ರೋಮನ್ ದಾರ್ಶನಿಕ ಸೆನೆಕ, ಕಣ್ಣು ಒಣಗಿಯೂ ಇರಬಾರದು, ಉಕ್ಕಿಯೂ ಹರಿಯಬಾರದು, ಕಣ್ಣೀರಿಡಬಹುದು, ಗೋಳಾಡಬಾರದು ಎನ್ನುತ್ತಾನೆ. ಆ ಗುರಿಗೆ ಅವರು ಇಟ್ಟ ಹೆಸರು 'ಅಪಾಥೇಯ'. ಅದೇ ಪದ ಇಂಗ್ಲಿಷಿಗೆ ಬಂದು 'ಅಪಥಿ'ಯಾಗಿ, ಕಾಲಕ್ರಮದಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲದ ಜಡತೆಯ ಹೆಸರಾಯಿತು. ನಮ್ಮ 'ಉದಾಸೀನ'ಕ್ಕೂ ಇದೇ ಗತಿಯಾಗಿದೆ. ಸಂಸ್ಕೃತದಲ್ಲಿ ಅದು ಬೇರೆಯಾಗಿ, ಪಕ್ಷವಿಲ್ಲದೆ ಕುಳಿತವನನ್ನು ಹೇಳುವ ಗೌರವದ ಪದ. ಇಂದಿನ ಕನ್ನಡದಲ್ಲಿ 'ಉದಾಸೀನ ಮಾಡಬೇಡ' ಎಂದರೆ ಅಸಡ್ಡೆ ಬೇಡ ಎಂದೇ ಅರ್ಥ. ಹೀಗಾಗಿ 'ಸ್ಟೋಯಿಕ್'ಗೆ 'ಉದಾಸೀನ' ಎಂದು ಬರೆಯುವುದು ಮೂಲವನ್ನು ಹಿಡಿದು ಹೊರಟು ಗುರಿಯನ್ನು ತಪ್ಪಿಸಿಕೊಂಡಂತೆ.

'ಫ್ಲೆಗ್ಮ್ಯಾಟಿಕ್' ಹುಟ್ಟಿದ್ದು ಕಫದಿಂದ. ರಕ್ತ, ಹಳದಿ ಪಿತ್ತ, ಕರಿ ಪಿತ್ತ, ಕಫ ಎಂಬ ನಾಲ್ಕು ದ್ರವಗಳು ದೇಹವನ್ನು ಆಳುತ್ತವೆಂದು ಹಿಪೊಕ್ರಾಟಿಸನ ಪರಂಪರೆಯ ಗ್ರೀಕ್ ವೈದ್ಯರೂ ಅವರ ನಂತರ ಗ್ಯಾಲೆನ್ನನೂ ನಂಬಿದ್ದರು. ಕಫ ಹೆಚ್ಚಾದವನು ತಣ್ಣಗೆ, ನಿಧಾನವಾಗಿ ಇರುತ್ತಾನೆಂಬುದು ಲೆಕ್ಕ. ಆಯುರ್ವೇದದ ಕಫಪ್ರಕೃತಿಯ ವರ್ಣನೆಯೂ ಇದರಿಂದ ಬಹಳ ದೂರವಿಲ್ಲ. ಹಾಗೆಂದು ಕತೆಯಲ್ಲಿ 'ಕಫಪ್ರಕೃತಿಯವನು' ಎಂದು ಬರೆದರೆ ಓದುಗ ಅವನ ಕೆಮ್ಮಿಗಾಗಿ ಕಾಯುತ್ತಾನೆ.

'ಲಕಾನಿಕ್' ಎಂಬುದು ಸ್ಪಾರ್ಟಾ ಇರುವ ಲಕೋನಿಯಾ ಪ್ರಾಂತದ ಹೆಸರಿನಿಂದ ಬಂದದ್ದು. "ನಾನು ಲಕೋನಿಯಾದೊಳಕ್ಕೆ ಬಂದರೆ ನಿಮ್ಮನ್ನು ಹೊರಗಟ್ಟುತ್ತೇನೆ" ಎಂದು ಮ್ಯಾಸಿಡೋನಿಯಾದ ದೊರೆ ಫಿಲಿಪ್ ಬೆದರಿಸಿದಾಗ ಸ್ಪಾರ್ಟಾದವರು ಒಂದೇ ಪದದ ಉತ್ತರ ಕಳಿಸಿದರೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ದಾಖಲಿಸುತ್ತಾನೆ. ಇಂಗ್ಲಿಷಿನಲ್ಲಿ ಅದು 'ಇಫ್'. ಕನ್ನಡದಲ್ಲಿ 'ಅರೆ' ಎಂಬ ಪ್ರತ್ಯಯಕ್ಕೆ ಒಂಟಿಯಾಗಿ ನಿಲ್ಲುವ ಶಕ್ತಿ ಇಲ್ಲವಾದ್ದರಿಂದ 'ಬಂದರೆ' ಎನ್ನಬೇಕಾಗುತ್ತದೆ. ಪೆಟ್ಟು ಅಷ್ಟೇ ಬಿರುಸಾಗಿದೆ ಎಂದು ನನಗನ್ನಿಸುತ್ತದೆ.

ಉತ್ತರ 3 — ಕರಡುತಿದ್ದುವವಳು

ಬೇರುಬಿಳಲು ಅವರ ಮಾತುಗಳನ್ನು ಸಂತೋಷದಿಂದ ಓದಿದೆ, ಆದರೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕತೆಯೊಳಗಿನ ನೆರೆಯವರಿಗೆ ಹಡಗೂ ಗೊತ್ತಿಲ್ಲ, ಜೀನೋನೂ ಗೊತ್ತಿಲ್ಲ. ಅವರು ಪದವನ್ನು ಆರಿಸುವುದು ತಮಗೆ ಆ ಮನುಷ್ಯನ ಮೇಲೆ ಇರುವ ಅಭಿಪ್ರಾಯಕ್ಕೆ ತಕ್ಕಂತೆ. ಬರ್ಟ್ರಂಡ್ ರಸೆಲ್ 1948ರಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮದಲ್ಲಿ ವ್ಯಾಕರಣದ ಧಾತುರೂಪಗಳನ್ನು ಅಣಕಿಸುತ್ತ, ನಾನು ದೃಢಚಿತ್ತ, ನೀನು ಹಟಮಾರಿ, ಅವನು ತಿಳಿಗೇಡಿ ಮೊಂಡ ಎಂಬ ಅರ್ಥದ ಮಾತನ್ನು ಹೇಳಿದ್ದರು. ಅದನ್ನೇ ಇಲ್ಲಿಗೆ ತಂದರೆ: ನಾನು ರಿಸರ್ವ್ಡ್, ನೀವು ಅಲೂಫ್, ಅವನಂತೂ ಕಲ್ಲು. ಗುಣ ಒಂದೇ, ನೋಡುವವರು ಮೂವರು. ಒಬ್ಬ ನ್ಯಾಯಾಧೀಶರ ಮನಸ್ಸನ್ನು ಹೊಗಳುವಾಗ 'ಡಿಸ್‌ಪ್ಯಾಶನೇಟ್' ಎನ್ನುತ್ತಾರೆ. ಅದೇ ಮನಸ್ಸು ಮನೆಯವರ ಜೊತೆ ಹಾಗೇ ನಡೆದುಕೊಂಡರೆ 'ಕೋಲ್ಡ್' ಎನ್ನುತ್ತಾರೆ. ಅಭ್ಯಾಸಿಯವರ ಕತೆಯಲ್ಲಿ ಐದು ಪದಗಳು ಐವರ ಬಾಯಿಂದ ಅಥವಾ ಐದು ನೋಟಗಳಿಂದ ಬಂದಿವೆ. ಗಡಿಯಾರದವನು ಐದು ಬಗೆಯ ಮನುಷ್ಯನಾಗಬೇಕಿಲ್ಲ. ಅವನನ್ನು ನೋಡುವವರು ಐದು ಬಗೆಯವರು ಎಂಬುದು ಅನುವಾದದಲ್ಲಿ ಉಳಿದರೆ ಸಾಕು.

ಬಿಸಿ ತಣ್ಣನೆಯ ರೂಪಕದಲ್ಲೂ ಜೋಪಾನ. ಇಂಗ್ಲಿಷಿನಲ್ಲಿ ಭಾವ ಎಂದರೆ ಶಾಖ. 'ನಾನ್‌ಶಲಾಂಟ್' ಪದದ ಹೊಟ್ಟೆಯೊಳಗೂ ಬಿಸಿಯಾಗದಿರುವುದು ಎಂಬ ಲ್ಯಾಟಿನ್ ಅರ್ಥ ಅಡಗಿದೆ. ಫ್ರೆಂಚಿನಿಂದ ಬಂದ 'ಸಾಂಗ್‌ಫ್ವಾ' ಎಂದರೆ ತಣ್ಣನೆಯ ರಕ್ತ, ಅಪಾಯದ ಎದುರಿನ ಧೈರ್ಯಕ್ಕೆ ಅದು ಹೊಗಳಿಕೆ. ಅದನ್ನೇ ಅಪ್ಪಟ ಇಂಗ್ಲಿಷಿನಲ್ಲಿ 'ಕೋಲ್ಡ್‌ಬ್ಲಡೆಡ್' ಎಂದರೆ ಕೊಲೆಗಾರನ ವರ್ಣನೆಯಾಗಿಬಿಡುತ್ತದೆ. ಕನ್ನಡದಲ್ಲಿ ತಂಪು ಹೀಗೆ ಕೆಟ್ಟದ್ದಲ್ಲ. "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸುವ ಭಾಷೆಯಲ್ಲಿ 'ತಣ್ಣನೆಯ ಮನುಷ್ಯ' ಎಂದು ಬರೆದರೆ ಓದುಗನಿಗೆ ಅವನ ಮೇಲೆ ಪ್ರೀತಿಯೇ ಹುಟ್ಟೀತು.

ಇನ್ನು ನನ್ನ ಮುಖ್ಯ ಮಾತು. ಇಂಗ್ಲಿಷ್ ಈ ಸೂಕ್ಷ್ಮಗಳನ್ನು ವಿಶೇಷಣಗಳಲ್ಲಿ ಅಡಗಿಸಿದೆ ಎಂದ ಮಾತ್ರಕ್ಕೆ ನಾವೂ ವಿಶೇಷಣವನ್ನೇ ಹುಡುಕಬೇಕೆಂಬ ನಿಯಮವಿಲ್ಲ. ಹುಡುಕಿದರೆ ಸಿಗುವುದು ಸಂಸ್ಕೃತದ ಏಳೆಂಟು ಪದಗಳು, ಅವೂ ಹೆಚ್ಚಾಗಿ ಯೋಗಿಗಳನ್ನು ಬಣ್ಣಿಸಲು ಹುಟ್ಟಿದವು. ನಿರ್ಲಿಪ್ತ, ನಿರ್ವಿಕಾರ, ಸ್ಥಿತಪ್ರಜ್ಞ ಎಂದು ಮೂರು ಪುಟ ಬರೆದರೆ ಗಡಿಯಾರ ರಿಪೇರಿಯವನು ಹುತ್ತ ಬೆಳೆದು ಕುಳಿತ ಋಷಿಯಾಗುತ್ತಾನೆ. ಕನ್ನಡ ಈ ಕೆಲಸವನ್ನು ಕ್ರಿಯಾಪದದಲ್ಲಿ ಮಾಡುತ್ತದೆ. ನುಂಗಿಕೊಂಡ, ತಡೆದುಕೊಂಡ, ಹಿಡಿದಿಟ್ಟುಕೊಂಡ, ಮುಚ್ಚಿಟ್ಟುಕೊಂಡ ಎಂಬವುಗಳಲ್ಲಿ ಆ 'ಕೊಂಡ' ಏನು ಮಾಡುತ್ತಿದೆ ಗಮನಿಸಿ: ಒಳಗೆ ಭಾವ ಇದೆ, ಅದನ್ನು ಒಳಗೇ ಇರಿಸಲು ಶ್ರಮ ನಡೆದಿದೆ ಎಂಬ ಎರಡನ್ನೂ ಅದು ಒಟ್ಟಿಗೆ ಹೇಳುತ್ತದೆ. 'ಸ್ಟೋಯಿಕ್' ಬೇಡುವುದು ಇದನ್ನೇ. ಅಲುಗದ, ಜಗ್ಗದ ಎಂಬ ನಿಷೇಧರೂಪಗಳಲ್ಲಿ ಆ ಶ್ರಮವಿಲ್ಲ, ಅವು 'ಫ್ಲೆಗ್ಮ್ಯಾಟಿಕ್'ಗೆ ಹತ್ತಿರ. 'ಯಾರನ್ನೂ ಹಚ್ಚಿಕೊಳ್ಳದ' ಎಂದರೆ ಡಿಟ್ಯಾಚ್ಡ್, 'ಮುಖ ಕೊಟ್ಟು ಮಾತನಾಡದ' ಎಂದರೆ ಅಲೂಫ್, 'ಮನಸ್ಸು ಬಿಚ್ಚದ' ಎಂದರೆ ರಿಸರ್ವ್ಡ್, 'ಬಾಯಿ ಬಿಡದ' ಎಂದರೆ ರೆಟಿಸೆಂಟ್. ಇಲ್ಲಿ ಮನಸ್ಸು, ಬಾಯಿ, ಮುಖ ಎಂಬ ಅಂಗಗಳ ಹೆಸರು ತಾವಾಗಿಯೇ ಬಂದಿವೆ. ಪದಪರೀಕ್ಷಕರು ಕೇಳಿದ, ಹೊರಗೆ ಬರದಿರುವುದು ಯಾವುದು ಎಂಬ ಪ್ರಶ್ನೆಗೆ ಕನ್ನಡ ವಾಕ್ಯವೇ ಉತ್ತರ ಕೊಡುತ್ತಿದೆ.

'ಗುಮ್ಮನಗುಸಕ' ಎಂಬ ಒಳ್ಳೆಯ ಪದವೂ ನಮ್ಮಲ್ಲಿದೆ. ಆದರೆ ಅದರಲ್ಲಿ ಕಪಟದ ಗುಮಾನಿ ಸೇರಿರುವುದರಿಂದ ಈ ಐದರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಬಳಸುವ ಅವಕಾಶ ಸಿಗಲಿಲ್ಲವಲ್ಲ ಎಂದು ಬೇಸರವಿದೆ.

ಉತ್ತರ 4 — ಹಳೆಯ ಓದುಗ

ಎರಡು ಸಣ್ಣ ಸೇರ್ಪಡೆಗಳು.

ಭರತನ ನಾಟ್ಯಶಾಸ್ತ್ರ ಎಣಿಸುವ 33 ವ್ಯಭಿಚಾರಿ ಭಾವಗಳಲ್ಲಿ (ಅಂದರೆ ಬಂದು ಹೋಗುವ ಭಾವಗಳಲ್ಲಿ) 'ಅವಹಿತ್ಥ' ಎಂಬುದೊಂದಿದೆ. ಆಕಾರವನ್ನು ಮರೆಮಾಡುವುದು, ಅಂದರೆ ಒಳಗಿನ ಭಾವ ಮುಖದಲ್ಲಿ ತೋರದಂತೆ ನೋಡಿಕೊಳ್ಳುವುದು ಅದರ ಲಕ್ಷಣ. ಅದಕ್ಕೆ ಕಾರಣ ನಾಚಿಕೆಯಾಗಿರಬಹುದು, ಭಯವಾಗಿರಬಹುದು, ಸೋಲಾಗಿರಬಹುದು. ನನಗೆ ಇಷ್ಟವಾಗುವುದೇನೆಂದರೆ, ಶಾಸ್ತ್ರಕಾರರು ಭಾವವನ್ನು ಮುಚ್ಚುವುದನ್ನು ಭಾವದ ಅಭಾವವೆಂದು ಬಗೆಯದೆ, ಅದನ್ನೇ ಇನ್ನೊಂದು ಭಾವವೆಂದು ಎಣಿಸಿದ್ದಾರೆ. ಇಂಗ್ಲಿಷಿನ ವಿಶೇಷಣಗಳು ಹೆಚ್ಚಾಗಿ ಸ್ವಭಾವವನ್ನು ಹೇಳುತ್ತವೆ. ಇದು ಒಂದು ಕ್ಷಣದಲ್ಲಿ ಬಂದು ಹೋಗುವಂಥದ್ದು.

ಎರಡನೆಯದು, 'ಶೈ', 'ಡಿಫಿಡೆಂಟ್', 'ಇಂಟ್ರೋವರ್ಟ್' ಎಂಬ ಪದಗಳನ್ನು ಇವುಗಳ ಜೊತೆ ಬೆರೆಸಬೇಡಿ. ಶೈ ಆದವನಿಗೆ ಜನರ ಎದುರಿನಲ್ಲಿ ಅಳುಕು. ಡಿಫಿಡೆಂಟ್ ಆದವನಿಗೆ ತನ್ನ ಮೇಲೆಯೇ ನಂಬಿಕೆ ಸಾಲದು. ಇಂಟ್ರೋವರ್ಟ್ ಎಂಬುದು ಮನೋವಿಜ್ಞಾನಿ ಯೂಂಗ್ 1921ರ ತಮ್ಮ ಗ್ರಂಥದಲ್ಲಿ ವಿವರಿಸಿದ ಮನೋವಿಧ. ಆಸಕ್ತಿ ಒಳಮುಖವಾಗಿದೆ ಎಂದಷ್ಟೇ ಅದು ಹೇಳುತ್ತದೆ, ಅಳುಕಿದೆ ಎಂದಲ್ಲ. ಇನ್ನು ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲಿ ಗ್ರೀಕ್ ಧಾತುಗಳಿಂದ ಕಟ್ಟಿದ 'ಅಲೆಕ್ಸಿಥೈಮಿಯಾ' ಎಂಬ ಪದವಿದೆ. ಭಾವಕ್ಕೆ ಪದವಿಲ್ಲದಿರುವುದು ಎಂದು ಅದರ ಅರ್ಥ. ಅಂಥವನು ಮುಚ್ಚಿಡುತ್ತಿಲ್ಲ; ತನಗೆ ಏನಾಗುತ್ತಿದೆ ಎಂಬುದನ್ನು ಗುರುತಿಸಿ ಹೇಳಲು ಅವನಿಗೇ ಕಷ್ಟ. ನಿಮ್ಮ ಗಡಿಯಾರದವನು ಹಾಗೆ ಕಾಣುವುದಿಲ್ಲ.

ಅಭ್ಯಾಸಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಕುಳಿತು ಐದೂ ಕಡೆ ತಿದ್ದಿದ್ದೇನೆ. ತಪ್ಪಿದ್ದರೆ ದಯವಿಟ್ಟು ಹೇಳಿ.

ನೆರೆಯವರು: "ಒಳ್ಳೆಯವನೇ, ಆದರೆ ಅಷ್ಟು ಸುಲಭಕ್ಕೆ ಮನಸ್ಸು ಬಿಚ್ಚುವವನಲ್ಲ."

ಮೊದಲ ಮದುವೆ: "ಬೇರೆ ಯಾವ ವಿಷಯಕ್ಕಾದರೂ ಎರಡು ಮಾತು ಸೇರಿಸುತ್ತಿದ್ದವನು ಆ ವಿಷಯ ಬಂದರೆ ಬಾಯಿ ಬಿಡುತ್ತಿರಲಿಲ್ಲ."

ಜೊತೆಯಲ್ಲಿ ಕೆಲಸ ಮಾಡಿದವನು: "ಹದಿನಾಲ್ಕು ವರ್ಷ ಪಕ್ಕದ ಮೇಜಿನಲ್ಲಿ ಕುಳಿತೆ, ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅದೇನು ಬಿಗುಮಾನವೋ!"

ವೈದ್ಯೆ: "ನೋವನ್ನೆಲ್ಲ ನುಂಗಿಕೊಂಡು ಅವನು ಮುಂದಿನ ತಪಾಸಣೆ ಯಾವತ್ತು ಎಂದು ಕೇಳಿದ."

ಶವಸಂಸ್ಕಾರ: "ಉಕ್ಕಿ ಬರುತ್ತಿದ್ದ ದುಃಖವನ್ನು ತೋರಗೊಡದೆ ಅವನ ಮುಖ ಕಲ್ಲಾಗಿತ್ತು."

ಕರಡುತಿದ್ದುವವಳು

ಮೊದಲ ನಾಲ್ಕಕ್ಕೆ ಕೈ ಹಚ್ಚುವುದಿಲ್ಲ. ಮೂರನೆಯದರಲ್ಲಿ 'ಬಿಗುಮಾನ' ಮೂಲದ ಪದಕ್ಕಿಂತ ಒಂದು ಗುಲಗಂಜಿ ಹೆಚ್ಚು ತೂಗುತ್ತದೆ, ಆದರೆ ಅದು ಆ ಸಹೋದ್ಯೋಗಿಯ ಅಸಮಾಧಾನದಿಂದ ಬಂದ ತೂಕವಾದ್ದರಿಂದ ಇರಲಿ.

ಕೊನೆಯದನ್ನು ಒಪ್ಪುವುದು ಕಷ್ಟ. 'ಉಕ್ಕಿ ಬರುತ್ತಿದ್ದ ದುಃಖ' ಎಂದಾಗ ನೀವು ಅವನ ಎದೆಯೊಳಗೆ ಹೊಕ್ಕು ನೋಡಿ ಬಂದಿದ್ದೀರಿ. ಮೂಲದ ಕತೆಗಾರ ಹೊಸ್ತಿಲಲ್ಲೇ ನಿಂತಿದ್ದಾನೆ. 'ಇಂಪ್ಯಾಸಿವ್' ಎಂದು ಅವನು ಬರೆದದ್ದು, ಅಲ್ಲಿ ನೆರೆದವರಿಗೆ ಅವನ ದುಃಖ ಎಷ್ಟಿತ್ತೆಂದು ತಿಳಿಯಬಾರದು ಎಂಬುದಕ್ಕೇ ಇರಬೇಕು. 'ಕಲ್ಲಾಗಿತ್ತು' ಎಂಬುದು ಇನ್ನೊಂದು ತೀರ್ಪು. ಎರಡನ್ನೂ ಬಿಟ್ಟು, "ಅವನ ಮುಖದಲ್ಲಿ ಏನೂ ಕಾಣಲಿಲ್ಲ" ಎಂದಷ್ಟೇ ಬರೆದು ನೋಡಿ. ಇಲ್ಲಿ 'ಇರಲಿಲ್ಲ' ಎನ್ನಬೇಡಿ, 'ಕಾಣಲಿಲ್ಲ' ಎನ್ನಿ.

ಅಭ್ಯಾಸಿ

'ಕಾಣಲಿಲ್ಲ' ಎಂದೇ ಮಾಡಿದೆ. ಹಿಂದಿನ ವಾಕ್ಯದಲ್ಲಿ ಅವನು ಜೇಬಿನಿಂದ ಗಡಿಯಾರ ತೆಗೆದು ನೋಡಿ ಮತ್ತೆ ಒಳಗಿಡುತ್ತಾನೆ. ಈ ನಾಲ್ಕು ಪದಗಳು ಅದರ ಹಿಂದೆ ಬಂದಾಗ ಓದುವುದನ್ನು ನಾನೇ ಒಂದು ಕ್ಷಣ ನಿಲ್ಲಿಸಿದೆ. ಸ್ನೇಹಿತೆಗೂ ಹೊಸ ಕರಡನ್ನು ಕಳಿಸಿದ್ದೇನೆ. ಒಂಬತ್ತು 'ಗಂಭೀರ'ಗಳಲ್ಲಿ ಈಗ ಉಳಿದಿರುವುದು ಒಂದೇ: ವೈದ್ಯೆ ಫೋನಿನಲ್ಲಿ ಮಗಳಿಗೆ ಅವನ ಸ್ಥಿತಿಯನ್ನು ತಿಳಿಸುವ ಕಡೆ.